ಗಂಜಿ ಕುಡಿದ ಮರ

ನಮ್ಮ ಬೀದಿಯಲ್ಲಿ ಅಳಿಯಂದಿರು ಎಂದರೆ ಒಬ್ಬರೇ. ಮಿಕ್ಕ ಮನೆಗಳಿಗೂ ಅಳಿಯಂದಿರು ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ಹೋಗುತ್ತಾರೆ. ಇವರು ಮಾತ್ರ ಬೇರೆ ಮನೆ ಸಿಗುವವರೆಗೆ ಎಂದು ಹೇಳಿ ಅತ್ತೆಯ ಮನೆಗೆ ಬಂದವರು. ಆ ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಅದನ್ನು ಅವರು ಹುಡುಕಿದ್ದನ್ನು ಕಂಡವರೂ ಇಲ್ಲ. ಹೀಗಾಗಿ ಅತ್ತೆಯವರು ಕರೆದಂತೆಯೇ ಹಾಲಿನವನು, ಅಂಚೆಯವನು, ಪಕ್ಕದ ಮನೆಯ ನಾನು, ಎಲ್ಲರೂ ಅವರನ್ನು ಅಳಿಯಂದಿರು ಎಂದೇ ಕರೆಯುತ್ತೇವೆ. ಒಮ್ಮೆ ಗಡಿಬಿಡಿಯಲ್ಲಿ ಅವರ ಹೆಂಡತಿಯೂ ಹಾಗೇ ಕರೆದುಬಿಟ್ಟರಂತೆ.

ಅಳಿಯಂದಿರ ಉದ್ಯೋಗ ಪೇಟೆಯ ಕೃತಕ ಹೂವಿನ ಅಂಗಡಿಯಲ್ಲಿ. ಬಟ್ಟೆಯ ಗುಲಾಬಿ, ಪ್ಲಾಸ್ಟಿಕ್ಕಿನ ಬಳ್ಳಿ, ತಂತಿಯ ದಂಟಿನ ತಾವರೆ ಇವುಗಳ ನಡುವೆ ಅವರ ಅರ್ಧ ಆಯುಸ್ಸು ಕಳೆದಿದೆ. ಎಲೆಗಳ ಧೂಳು ಒರೆಸುವುದು, ಒಗೆದು ಮೆತ್ತಗಾದ ಬಟ್ಟೆಯೆಲೆಗಳನ್ನು ತೆಳು ಗಂಜಿಯಲ್ಲಿ ಅದ್ದಿ ನೆಟ್ಟಗೆ ಮಾಡುವುದು, ದಳಗಳ ಮೇಲೆ ಅಂಟಿನ ಹನಿ ಇಟ್ಟು ಅದನ್ನು ಇಬ್ಬನಿ ಎಂದು ಕರೆಯುವುದು, ಇದರಲ್ಲೆಲ್ಲ ಅವರನ್ನು ಮೀರಿಸಿದವರಿಲ್ಲ. ಗಿರಾಕಿ ಬಂದರೆ ಅವರ ಬಾಯಿಂದ ಮೊದಲು ಹೊರಡುವ ಮಾತು, "ಬಾಡೋದಿಲ್ಲ." ಅದರ ಬೆನ್ನಿಗೇ, "ಮುಟ್ಟಿ ನೋಡಿದ್ರೂ ಗೊತ್ತಾಗೋದಿಲ್ಲ." ಒಮ್ಮೆ ಜೇನ್ನೊಣವೊಂದು ದಾರಿ ತಪ್ಪಿ ಅಂಗಡಿಗೆ ಬಂದು ಬಟ್ಟೆಯ ಸೂರ್ಯಕಾಂತಿಯ ಮೇಲೆ ಕೂತಿತಂತೆ. ಆ ಸುದ್ದಿಯನ್ನು ಅವರು ಬೀದಿಯ ಪ್ರತಿ ಬಾಗಿಲಿಗೂ ತಾವೇ ಹೋಗಿ ತಲುಪಿಸಿದರು. ಆ ಪಾಪದ ನೊಣದ ದಡ್ಡತನ ಅವರ ಮಟ್ಟಿಗೆ ಒಂದು ಪ್ರಶಸ್ತಿಯೇ ಆಗಿತ್ತು.

ಇನ್ನು ಅವರ ಮನೆಯ ಹಿತ್ತಲು. ಅದು ಅತ್ತೆಯವರ ರಾಜ್ಯ. ಎತ್ತರದ ಗೋಡೆ, ಒಂದೇ ಬಾಗಿಲು, ಬೀಗದಕೈ ಅತ್ತೆಯವರ ಸೊಂಟದಲ್ಲಿ. ಮಗಳೂ ಅದರ ಬಾಗಿಲು ದಾಟುತ್ತಿರಲಿಲ್ಲ, ಅಳಿಯಂದಿರಿಗಂತೂ ಅಲ್ಲಿ ಪ್ರವೇಶವಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಒಳಗೆ ಹೋಗಿ, ಒದ್ದೆಬಟ್ಟೆಯಿಂದ ಗಿಡಗಳ ಎಲೆಗಳನ್ನೆಲ್ಲ ಒರೆಸಿ, ಅರ್ಧವನ್ನು ಕಿತ್ತುಹಾಕಿ ಬಂದಿದ್ದರಂತೆ. ಆ ಹಿತ್ತಲ ನಡುವೆ ಒಂದು ಮರ. ಹಡಗುಕಟ್ಟೆಯಲ್ಲಿ ಕೆಲಸದಲ್ಲಿದ್ದ ಮಾವನವರಿಗೆ ಯಾವನೋ ನಾವಿಕ ಅದರ ಸಸಿ ಕೊಟ್ಟು, ಇದು ವರ್ಷವಿಡೀ ಮಳೆ ಸುರಿಯುವ ಕಾಡಿನದು, ದೊಡ್ಡ ದೊಡ್ಡ ತೋಟದವರು ಇದಕ್ಕಾಗಿ ಪೈಪೋಟಿ ಮಾಡುತ್ತಾರೆ, ಹೂ ಬಿಟ್ಟರೆ ಮಗುವಿನ ತಲೆಯಷ್ಟು ದಪ್ಪ, ಕಡುಕೆಂಪು ಎಂದು ಹೇಳಿದ್ದನಂತೆ. ಮರದ ಹೆಸರನ್ನೂ ಹೇಳಿದ್ದನೋ ಏನೋ, ಮಾವನವರಿಗೆ ನೆನಪುಳಿದದ್ದು ಹೂವಿನ ಗಾತ್ರ ಮಾತ್ರ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಆ ಹೂವಿಗಾಗಿ ಕಾಯುತ್ತಲೇ ಅವರು ತೀರಿಕೊಂಡರು. ಅವರು ನೋಡದೆ ಹೋದದ್ದನ್ನು ತಾನಾದರೂ ನೋಡಬೇಕು ಎಂಬುದು ಅತ್ತೆಯವರಿಗೆ ಉಳಿದಿದ್ದ ಒಂದೇ ಆಸೆ. ಆ ಮರಕ್ಕೆ ಏನಾದರೂ ಆದರೆ ಅವರು ತಡೆದುಕೊಳ್ಳಲಾರರು ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಹೀಗಿರುವಾಗ ದೂರದಲ್ಲಿದ್ದ ಹಿರಿಯ ಮಗಳ ಹೆರಿಗೆಗೆಂದು ಅತ್ತೆಯವರು ಹೊರಡಬೇಕಾಯಿತು. ಬೀಗದಕೈಯನ್ನು ಕಿರಿಯ ಮಗಳಿಗೆ, ಎಂದರೆ ಅಳಿಯಂದಿರ ಹೆಂಡತಿಗೆ ಕೊಡಲು ಕೈ ಚಾಚಿದ್ದರು. ನಡುವೆ ಅಳಿಯಂದಿರ ಕೈ ಬಂತು.

"ಮರಕ್ಕೆ ನೀರು ಹಾಕಿ ಅಳಿಯಂದಿರೇ. ಏನೇ ಆಗ್ಲಿ, ಬೇರೇನೂ ಮಾಡ್ಬೇಡಿ."

"ಅತ್ತೆ, ಇಷ್ಟು ವರ್ಷದಿಂದ ನಾನು ಎಲೆ ಹೂವಿನ ಮಧ್ಯೆನೇ ಇರೋನು. ನನಗೆ ಹೇಳ್ಬೇಕಾ?"

"ಅದಕ್ಕೇ ಹೇಳ್ತಿರೋದು," ಎಂದು ಅತ್ತೆಯವರು ಕಾರು ಹತ್ತಿದರು.

ಅಳಿಯಂದಿರು ಕೆಲವು ದಿನ ಬರೀ ನೀರು ಹಾಕಿದರು. ಅಷ್ಟರಮಟ್ಟಿಗೆ ಅವರು ಮಾತು ಉಳಿಸಿಕೊಳ್ಳುವವರೇ. ಆಮೇಲೆ ಒಂದು ಬೆಳಿಗ್ಗೆ ಗೋಡೆಯ ಮೇಲೆ ಅವರ ತಲೆ ಕಾಣಿಸಿಕೊಂಡಿತು. ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ಬನ್ನಿ, ಯಾರಿಗೂ ಹೇಳಬೇಡಿ ಎಂದರು. ನಾನು ಚಪ್ಪಲಿ ಮೆಟ್ಟಿ ಹೋಗುವಷ್ಟರಲ್ಲಿ, ಯಾರಿಗೂ ಹೇಳದಿದ್ದ ಆ ಗುಟ್ಟಿನ ಸುತ್ತ ನಿವೃತ್ತ ಕಾಂಪೌಂಡರೂ ಎದುರುಮನೆಯ ಟೈಲರೂ ಆಗಲೇ ನಿಂತಿದ್ದರು.

ಮರದ ಕೊಂಬೆಗಳ ತುದಿಯಲ್ಲಿ ಉದ್ದುದ್ದ ಎಲೆಗೊಂಚಲುಗಳು ಜೋತುಬಿದ್ದಿದ್ದವು. ಬಣ್ಣವೂ ಹಸಿರಲ್ಲ, ಒಂಥರಾ ಗುಲಾಬಿ ಬೆರೆತ ಕಂದು, ಮೇಲೆ ಬಿಳಿ ಚುಕ್ಕೆ. ಒಗೆದು ಹಿಂಡದೆ ಹಗ್ಗಕ್ಕೆ ಹಾಕಿದ ಕರವಸ್ತ್ರಗಳ ಹಾಗೆ ನೆಲ ನೋಡುತ್ತಿದ್ದವು. ಮುಟ್ಟಿದರೆ ಜೀವವಿಲ್ಲದಷ್ಟು ಮೆತ್ತಗೆ. ಗೋಡೆಯಾಚೆಯಿಂದ ಮರದ ನೆತ್ತಿ ಮಾತ್ರ ನೋಡಿ ಗೊತ್ತಿದ್ದ ನನಗೂ ಮೊದಲು ನೆನಪಾದದ್ದು ಅತ್ತೆಯವರ ಮುಖ.

ಕಾಂಪೌಂಡರು ಎರಡು ಬೆರಳನ್ನು ಕಾಂಡದ ಮೇಲಿಟ್ಟು ಕಣ್ಣು ಮುಚ್ಚಿದರು. ಅಲ್ಲಿ ಅವರಿಗೆ ಏನು ಸಿಕ್ಕಿತೋ ದೇವರೇ ಬಲ್ಲ, ನಿಶ್ಶಕ್ತಿ ಎಂದು ಅಪ್ಪಣೆ ಕೊಡಿಸಿ, ಸಕ್ಕರೆ ಉಪ್ಪು ಕದಡಿದ ನೀರನ್ನು ಗಂಟೆಗೊಂದು ಲೋಟ ಕುಡಿಸಲು ಹೇಳಿದರು. ಟೈಲರಿಗೆ ಅದು ಬಿಸಿಲಿನ ಪೆಟ್ಟು ಎಂದು ಖಚಿತವಾಗಿತ್ತು. ಕೋಟುಗಳ ಅಸ್ತರಿನಲ್ಲಿ ಉಳಿದ ತುಂಡುಗಳನ್ನೆಲ್ಲ ಜೋಡಿಸಿ ಸಂಜೆಯೊಳಗೆ ಮರಕ್ಕೊಂದು ನೆರಳು ಹೊಲಿದು ತಂದರು. ಜೇಬು ಇಡಲು ಮರೆತೆ ಎಂದು ತಮಾಷೆ ಮಾಡಿದರೂ ಯಾರೂ ನಗಲಿಲ್ಲ. ಅಂದು ಅತ್ತೆಯವರು ಫೋನ್ ಮಾಡಿದಾಗ ಅಳಿಯಂದಿರು ಹೆಂಡತಿಯ ಪಕ್ಕದಲ್ಲಿ ಕೈಮುಗಿದು ನಿಂತಿದ್ದರು. ಮರ ಚೆನ್ನಾಗಿದೆ ಎಂದು ಆಕೆ ಕಣ್ಣು ಮುಚ್ಚಿಕೊಂಡು ಹೇಳಿದರು.

ಮಾರನೆಯ ದಿನ ಎಲೆಗಳು ಇನ್ನಷ್ಟು ಉದ್ದವಾಗಿ ಜೋತವು. ಆಗ ಅಳಿಯಂದಿರು ಮಂಡಿಯ ಮೇಲೆ ಕೈಯೂರಿ ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲೆ ಕಸುಬುದಾರನ ಕಳೆ ಬಂತು. ಮೆತ್ತಗಾದ ಎಲೆ ಅವರಿಗೆ ಹೊಸದೇ? ಅಂಗಡಿಯಲ್ಲಿ ದಿನ ಬೆಳಗಾದರೆ ಅದೇ ಕೆಲಸ. ನೇರವಾಗಿ ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಹಂಡೆಯಿಟ್ಟು, ಗಂಜಿ ಕಾಯಿಸಲು ಶುರುಮಾಡಿದರು.

"ಅದು ಬಟ್ಟೆ ಅಲ್ಲ ಕಣ್ರೀ," ಎಂದರು ಹೆಂಡತಿ.

"ಎಲೆ ಎಲೆಯೇ," ಎಂದರು ಅಳಿಯಂದಿರು.

ಏಣಿ ಹತ್ತಿ, ಅಂಗಡಿಯ ಪಿಚಕಾರಿ ಬಾಟಲಿಯಿಂದ ಒಂದೊಂದು ಗೊಂಚಲಿಗೂ ಗಂಜಿ ಸಿಂಪಡಿಸಿ, ಬೆರಳಿನಿಂದ ಮಡಿಕೆ ಬಿಡಿಸಿದರು. ಇಸ್ತ್ರಿ ಪೆಟ್ಟಿಗೆ ತರಲೇ ಎಂದು ಟೈಲರು ಕೇಳಿದಾಗ ಒಂದು ಕ್ಷಣ ಯೋಚಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಕೆಲವೇ ದಿನ. ಎಲೆಗಳು ಒಂದೊಂದಾಗಿ ಕತ್ತೆತ್ತಿದವು, ಕಂದು ಹೋಗಿ ಹಸಿರಾದವು, ಗಂಜಿ ಹಾಕಿದ ಕಾಲರಿನ ಹಾಗೆ ಗರಿಗರಿಯಾಗಿ ನಿಂತವು. ಅಳಿಯಂದಿರ ಕತ್ತೂ ಅವುಗಳ ಜೊತೆಗೇ ಮೇಲೆದ್ದಿತು.

ಅತ್ತೆಯವರು ಇದ್ದಾಗ ಗುಬ್ಬಿಯೂ ಕೇಳಿಕೊಂಡು ಬರುತ್ತಿದ್ದ ಹಿತ್ತಲು ಆಮೇಲೆ ಸಂತೆಯಾಯಿತು. ಕಂಕುಳಲ್ಲಿ ಕುಂಡ ಇಟ್ಟುಕೊಂಡು ಜನ ಬಂದರು. ಅಳಿಯಂದಿರು ಎಲೆ ಮುಟ್ಟಿ ನೋಡಿ, ತೆಳು ಗಂಜಿ, ದಪ್ಪ ಗಂಜಿ, ಊಟದ ನಂತರ ಎಂದು ಸಲಹೆ ಕೊಡತೊಡಗಿದರು. ಊಟ ಯಾರದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಟೈಲರ ಹೆಂಡತಿಯ ಗುಲಾಬಿಗೆ ಇರುವೆ ಮುತ್ತಿದವು. ಕಾಂಪೌಂಡರ ತುಳಸಿಯ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಲಕೋಟೆಯಾದವು. ಆದರೂ ಗಂಜಿಯ ಮೇಲಿನ ನಂಬಿಕೆ ಯಾರಿಗೂ ಕದಲಲಿಲ್ಲ. ಕದಡಿದ್ದು ಸರಿಯಾಗಿಲ್ಲ ಎಂದು ಹೆಂಗಸರು ಗಂಡಸರನ್ನೂ, ಸಿಂಪಡಿಸಿದ್ದು ಸರಿಯಾಗಿಲ್ಲ ಎಂದು ಗಂಡಸರು ಹೆಂಗಸರನ್ನೂ ಬೈದುಕೊಂಡರು.

ಸುದ್ದಿ ಉದ್ಯಾನ ಇಲಾಖೆಗೂ ಹೋಯಿತು. ಹೆದ್ದಾರಿಯ ಪಕ್ಕ ನೆಡಿಸಿದ ಸಸಿಗಳೆಲ್ಲ ತಲೆ ಬಾಗಿಸಿ ನಿಂತಿದ್ದರಿಂದ ಇಲಾಖೆಯ ಸಾಹೇಬರಿಗೆ ತಲೆ ಎತ್ತಿ ನಡೆಯುವುದು ಕಷ್ಟವಾಗಿತ್ತು. ಅವರು ಮರವನ್ನು ಮೂರು ಸುತ್ತು ಹಾಕಿದರು, ಎಲೆಯೊಂದನ್ನು ತಟ್ಟಿ ಸದ್ದು ಕೇಳಿದರು. ಮರದ ಹೆಸರೇನು ಎಂದು ಅಳಿಯಂದಿರು ಆಸೆಯಿಂದ ಕೇಳಿದ್ದಕ್ಕೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮುಂದಿನ ಸಲ ಎಲೆ ಜೋತಾಗ ತಮ್ಮನ್ನು ಕರೆಯಬೇಕು, ತಮ್ಮೆದುರಿಗೇ ಗಂಜಿ ಹಾಕಿ ತೋರಿಸಬೇಕು, ಆಮೇಲೆ ಇದು ಊರಿಗೆಲ್ಲ ಜಾರಿಯಾಗುತ್ತದೆ ಎಂದು ಆದೇಶ ಮಾಡಿ ಹೋದರು. ಹೋಗುವ ದಾರಿಯಲ್ಲೇ ಗಂಜಿಪುಡಿಯ ಮೂಟೆಗಳಿಗೆ ಹೇಳಿಬಿಟ್ಟರೆಂದು ಆಮೇಲೆ ತಿಳಿಯಿತು.

ಇಲ್ಲಿಗೆ ಬೇರೆ ಯಾರಾದರೂ ಆಗಿದ್ದರೆ ತೆಪ್ಪಗಿರುತ್ತಿದ್ದರು. ಆದರೆ ಅಳಿಯಂದಿರಿಗೆ ಒಂದು ಹುಳ ತಲೆಗೆ ಹೊಕ್ಕಿತ್ತು. ಒಂದು ದಿನ ಜೋರು ಮಳೆ ಬಂತು. ಗಂಜಿಯೆಲ್ಲ ತೊಳೆದುಹೋಯಿತು, ಕಾಂಡದ ಮೇಲೆ ಬಿಳಿ ಕೋಡಿ ಹರಿದದ್ದನ್ನು ಅವರೇ ನೋಡಿದರು. ಅಂಗಡಿಯ ಎಲೆಯಾಗಿದ್ದರೆ ಮತ್ತೆ ಮೆತ್ತಗಾಗಬೇಕಿತ್ತು. ಇವು ಗರಿಗರಿಯಾಗಿಯೇ ಇದ್ದವು. ಯಾಕೆ? ಕಾಂಪೌಂಡರನ್ನು ಕೇಳಿದರು. ಗಂಜಿ ರಕ್ತಕ್ಕೆ ಇಳಿದಿದೆ ಎಂದು ಅವರು ಹೇಳಿದ್ದು ಅಳಿಯಂದಿರಿಗೆ ಯಾಕೋ ಸಮಾಧಾನ ತರಲಿಲ್ಲ. ಗೋಡೆಯ ಮೇಲಿಂದ ನನ್ನನ್ನೂ ಕೇಳಿದರು. ನನಗೇನು ಗೊತ್ತು? ಆದರೆ ಅವರ ಕಣ್ಣುಗಳನ್ನು ನೋಡಿ ನನಗೂ ಅದು ಯಾಕೆಂದು ತಿಳಿಯಬೇಕೆನಿಸಿತು.

ಸ್ವಲ್ಪ ದಿನಕ್ಕೆ ಮರದ ಹಿಂಬದಿಯ ಒಂದು ಕೊಂಬೆಯಲ್ಲಿ ಹೊಸ ಗೊಂಚಲು ಜೋತುಬಿತ್ತು. ಅಳಿಯಂದಿರು ಯಾರಿಗೂ ಹೇಳಲಿಲ್ಲ, ಈ ಸಲ ನಿಜವಾಗಿಯೂ. ಅದಕ್ಕೆ ಗಂಜಿ ಹಾಕಲಿಲ್ಲ. ದಿನವೂ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಚಾಪೆ ಹಾಸಿ ಮರದ ಕೆಳಗೆ ಅಂಗಾತ ಮಲಗಿ, ಎದೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು, ಆ ಗೊಂಚಲನ್ನೇ ನೋಡುತ್ತಿದ್ದರು. ಗೊಂಚಲು ಯಾರ ಸಹಾಯವನ್ನೂ ಕೇಳದೆ ತಾನೇ ತಾನಾಗಿ ಕತ್ತೆತ್ತಿತು, ಹಸಿರಾಯಿತು, ಗಟ್ಟಿಯಾಯಿತು. ತಮ್ಮ ಕೀರ್ತಿ ಮಣ್ಣುಪಾಲಾದದ್ದನ್ನು ಅಳಿಯಂದಿರು ಅಂಗಾತ ಮಲಗಿಯೇ ನೋಡಿದರು. ಆದರೂ ಅವರಿಗೆ ಖುಷಿಯೇ ಆಯಿತಂತೆ. ಎಳೆಯದು ಜೋಲುತ್ತದೆ, ಬಲಿತದ್ದು ನಿಲ್ಲುತ್ತದೆ, ಇಷ್ಟೇ ಎಂದು ಆಮೇಲೆ ನನ್ನೊಬ್ಬನನ್ನೇ ಕರೆದು ತೋರಿಸಿದರು.

ಅಷ್ಟರಲ್ಲಿ ಮರದ ಮುಂಬದಿಯೂ ಜೋತಿತು. ಬೀದಿಗೆ ಅದು ಕಾಣದೆ ಇರುತ್ತದೆಯೇ? ಕಾಂಪೌಂಡರೇ ಸಾಹೇಬರಿಗೆ ಫೋನ್ ಮಾಡಿದರು. ಪ್ರದರ್ಶನ ನಾಳೆ ಎಂದು ಗೊತ್ತಾಯಿತು. ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಅಳಿಯಂದಿರು ಕಂಗಾಲಾಗಿ ಮತ್ತೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಾಗ, ಎಲೆಗಳ ಮರೆಯಲ್ಲಿ, ಕಾಂಡಕ್ಕೆ ಅಂಟಿಕೊಂಡ ಹಾಗೆ ಏನೋ ಕೆಂಪಗೆ ಕಾಣಿಸಿತು. ಮಗುವಿನ ತಲೆಯಷ್ಟು ದಪ್ಪ.

ಅಳಿಯಂದಿರಿಗೆ ಮೊದಲು ಬಂದದ್ದು ಸಿಟ್ಟು. ಅದು ತಮ್ಮ ಅಂಗಡಿಯ ಮಾಲು, ಕಾಂಪೌಂಡರೋ ಟೈಲರೋ ತಮಾಷೆಗೆ ತಂದು ಕಟ್ಟಿದ್ದಾರೆ ಎಂದುಕೊಂಡರು. ಏಣಿ ಹತ್ತಿ, ಕಿತ್ತು ಬಿಸಾಡಲೆಂದು ಕೈ ಹಾಕಿ, ಅಭ್ಯಾಸಬಲದಿಂದ ಹಿಂದುಗಡೆ ತಂತಿಯ ಗಂಟು ಹುಡುಕಿದರು. ತಂತಿ ಇರಲಿಲ್ಲ. ತೊಟ್ಟು ನೇರ ತೊಗಟೆಯೊಳಗಿಂದ ಬಂದಿತ್ತು. ಬೆರಳಿಗೆ ತಣ್ಣಗೆ ಏನೋ ಹತ್ತಿತು, ನೆಕ್ಕಿದರೆ ಸಿಹಿ. ಅಳಿಯಂದಿರು ಏಣಿಯ ಮೇಲೆಯೇ ಕೂತುಬಿಟ್ಟರು. ಇಳಿದ ಮೇಲೂ ಹೆಂಡತಿಗೆ ಕೂಡ ಹೇಳಲಿಲ್ಲ. ಮೊದಲು ನೋಡಬೇಕಾದವರು ಅತ್ತೆ, ಅವರು ಬರುವುದೂ ನಾಳೆಯೇ ಎಂದು ಬಾಯಿಗೆ ಬೀಗ ಹಾಕಿಕೊಂಡರು.

ಮರುದಿನ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಇಬ್ಬರು ಸಹಾಯಕರೊಂದಿಗೆ ಮುಂದೆ ಕೂತಿದ್ದರು. ಕಾಂಪೌಂಡರು ಗಂಜಿಯ ಬಕೆಟ್ಟನ್ನು ಸೌಟಿನಿಂದ ತಿರುವುತ್ತಿದ್ದರು. ಅಳಿಯಂದಿರು ಏಣಿಯ ಎರಡು ಮೆಟ್ಟಿಲು ಹತ್ತಿ, ಜನರ ಕಡೆ ತಿರುಗಿದರು.

"ಗಂಜಿಯಿಂದ ಏನೂ ಆಗಿಲ್ಲ. ಒಂದು ಕೊಂಬೆಗೆ ನಾನು ಹಾಕ್ಲೇ ಇಲ್ಲ. ಅದೂ ನಿಂತಿದೆ."

ಸಾಹೇಬರ ಮುಖ ನೋಡಬೇಕಿತ್ತು. ಇದನ್ನು ಮೂಟೆ ತರಿಸುವ ಮೊದಲು ಹೇಳಬಾರದಿತ್ತೇ ಎಂದು ಅವರು ಗುಡುಗಿದರು. ಹಾಗಾದರೆ ನಮ್ಮ ಗುಲಾಬಿಯ ಗತಿಯೇನು ಎಂದು ಟೈಲರ ಹೆಂಡತಿ ಕೇಳಿದರು. ಇದು ಮರದ ಉಪಕಾರಗೇಡಿತನ, ನಾವು ಆರೈಕೆ ಮಾಡಿದ್ದನ್ನೇ ಮರೆತಿದೆ ಎಂದು ಕಾಂಪೌಂಡರು ವಾದ ಹೂಡಿದರು. ಈ ಗದ್ದಲದ ನಡುವೆ ಬಾಗಿಲಿನಲ್ಲಿ ಚೀಲದೊಂದಿಗೆ ಅತ್ತೆಯವರು ನಿಂತಿದ್ದನ್ನು ಯಾರೂ ಗಮನಿಸಲಿಲ್ಲ.

ಅವರು ಬಕೆಟ್ಟನ್ನು ನೋಡಿದರು, ಬಾಟಲಿಯನ್ನು ನೋಡಿದರು, ಜೋತ ಎಲೆಗಳನ್ನು ನೋಡಿದರು. ಯಾರೂ ವಿವರಿಸುವ ಅಗತ್ಯ ಬೀಳಲಿಲ್ಲ.

"ಪ್ರತಿ ಸಲವೂ ಚಿಗುರು ಹೀಗೇ ಬರುತ್ತೆ. ಈಗ ತಾನೇ ಮೊಮ್ಮಗೂನ ಎತ್ತಿ ಆಡಿಸಿ ಬಂದೆ. ಅದಕ್ಕೂ ಕತ್ತು ನಿಂತಿಲ್ಲ. ಅದಕ್ಕೂ ಗಂಜಿ ಹಾಕ್ತೀರಾ?"

ಜನ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ಅಳಿಯಂದಿರು ಮಾತ್ರ ಏಣಿಯಿಂದ ಹಾರಿ ಬಂದು ಅತ್ತೆಯವರ ಚೀಲ ತೆಗೆದುಕೊಂಡು, ಬನ್ನಿ ಅತ್ತೆ, ಇಲ್ಲಿ ಬಗ್ಗಿ ನೋಡಿ ಎಂದು ಎಲೆಗಳನ್ನು ಸರಿಸಿ ತೋರಿಸಿದರು. ಚಪ್ಪಲಿ ಹುಡುಕುತ್ತಿದ್ದವರೂ ಬಗ್ಗಿದರು. ಎಲ್ಲರ ಬಾಯೂ ತೆರೆಯಿತು. ಅತ್ತೆಯವರು ನೋಡಿದರು, ಇನ್ನೂ ನೋಡಿದರು. ಆಮೇಲೆ ಅಳಿಯಂದಿರ ಕಡೆ ತಿರುಗಿದರು.

"ನಿಮ್ಮ ಅಂಗಡೀದಾ?"

ಅಳಿಯಂದಿರು ಅಲ್ಲ ಅಲ್ಲ ಎನ್ನುತ್ತ ಏಣಿಯನ್ನು ಹೂವಿನ ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಕಾಂಪೌಂಡರು ಏಣಿ ಹತ್ತಿ ಮುಟ್ಟಿ, ನಿಜದ ಹಾಗೇ ಇದೆ, ತಂತಿಯ ಗಂಟೂ ಕಾಣಿಸುವುದಿಲ್ಲ ಎಂದರು. ಮುಟ್ಟಿ ನೋಡಿದರೂ ಗೊತ್ತಾಗುವುದಿಲ್ಲ ಎಂದು ಇವರೇ ಅಲ್ಲವೇ ಹೇಳುವುದು ಎಂದು ಟೈಲರು ನೆನಪಿಸಿದರು. ಹನಿ ಇದೆ ಎಂದು ಅಳಿಯಂದಿರು ಹೇಳಿದರೆ, ಅಂಟು ಎಂದರು ಯಾರೋ. ಅದೇ ಸಮಯಕ್ಕೆ ಜೇನ್ನೊಣವೊಂದು ಬಂದು ಹೂವಿನ ಮೇಲೆ ಕೂತಿತು. ಅಳಿಯಂದಿರು ಆಸೆಯಿಂದ ಅದರ ಕಡೆ ಬೆರಳು ತೋರಿಸಿದ್ದೇ ತಡ, ಹಿತ್ತಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನೊಣದ ಕಥೆ ಯಾರಿಗೆ ಗೊತ್ತಿರಲಿಲ್ಲ? ನಾನೂ ನಕ್ಕೆ. ಅತ್ತೆಯವರು ನಗದೆ ಇದ್ದದ್ದನ್ನು ಕಂಡು ನಿಲ್ಲಿಸಿದೆ.

"ಅವರು ಇದನ್ನ ಕಾದು ಕಾದು ಹೋದ್ರು ಅಳಿಯಂದಿರೇ," ಎಂದರು ಅವರು. "ಅವರ ಮರಕ್ಕೆ ಅಂಗಡಿ ಹೂ ಕಟ್ಟಬೇಕಿತ್ತಾ?"

ಕಿತ್ತು ಹರಿದು ನೋಡಿದರೆ ಆಯಿತಲ್ಲ ಎಂದು ಸಾಹೇಬರು ಕಾನೂನುಬದ್ಧ ಸಲಹೆ ಕೊಟ್ಟರು. ಅತ್ತೆಯವರು ತಲೆಯಾಡಿಸಿದರು. ನಿಜವಾಗಿದ್ದರೆ ಅವರು ಕಾದ ಮೊದಲನೇ ಹೂವು, ಕೀಳಲು ಬಿಡುವುದಿಲ್ಲ. ಸುಳ್ಳಾಗಿದ್ದರೆ ಅದನ್ನು ಕೈಯಲ್ಲೂ ಹಿಡಿಯುವುದಿಲ್ಲ ಎಂದು ಹೇಳಿ, ಮಾವನವರ ಹಳೆಯ ಕುರ್ಚಿಯನ್ನು ಮರದ ಕೆಳಗೆ ತರಿಸಿ ಕೂತರು. ನಾವೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡಿದೆವು.

ಅಳಿಯಂದಿರು ಅಂಗಡಿಗೆ ಹೋಗಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತರು. ಅತ್ತೆ ಕುರ್ಚಿಯಲ್ಲಿ, ಅಳಿಯ ಮೆಟ್ಟಿಲಲ್ಲಿ, ನಡುವೆ ಆ ಹೂವು. ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾಫಿ ತಂದುಕೊಟ್ಟು, ಇಬ್ಬರನ್ನೂ ಬೇರೆ ಬೇರೆಯಾಗಿ ಬೈದು ಒಳಗೆ ಹೋಗುತ್ತಿದ್ದರು. ಮರುದಿನವೂ ಹೂವು ಹಾಗೇ ಇತ್ತು, ಕೆಂಪಗೆ, ಗುಂಡಗೆ, ಒಂದು ಎಸಳೂ ಕೊಂಕದೆ. ಗೋಡೆಯಾಚೆಯಿಂದ ಇಣುಕಿದ ನನಗೆ ಅಳಿಯಂದಿರು ಆ ಎಸಳುಗಳನ್ನೇ ನೋಡುತ್ತಾ ಕೂತಿದ್ದದ್ದು ಕಂಡಿತು. ಆಯುಸ್ಸಿಡೀ ಬಾಡದ ಹೂ ಮಾರಿದ ಆ ಮನುಷ್ಯ, ಒಂದು ಹೂ ಬಾಡಲಿ ಎಂದು ಕಾಯುತ್ತಿದ್ದರು.

ಅದರ ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅತ್ತೆಯವರ ಕೂಗು ಕೇಳಿಸಿತು.

"ಅಳಿಯಂದಿರೇ, ಬೇಗ ಬನ್ನಿ. ಬಾಡ್ತಾ ಇದೆ."

ಅಳಿಯಂದಿರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಡಿದರು, ನಾನು ಬ್ರಶ್ಶಿನ ಸಮೇತ ಗೋಡೆ ಏರಿದೆ. ಹೂವಿನ ಕೆಂಪು ಮಂಕಾಗಿತ್ತು, ಅಂಚು ಕಂದಾಗಿ ಮುದುರಿತ್ತು. ನಾವು ನೋಡುತ್ತಿದ್ದಂತೆಯೇ ಒಂದು ಹಿಡಿ ಎಸಳು ಉದುರಿ ಅತ್ತೆಯವರ ಮಡಿಲಲ್ಲಿ ಬಿತ್ತು. ಅವರು ಅದನ್ನು ಬೊಗಸೆಯಲ್ಲಿ ಎತ್ತಿ ಮೂಸಿದರು, ಬೆರಳಲ್ಲಿ ಹಿಸುಕಿದರು. ಎಸಳು ನಜ್ಜಾಗಿ ನೀರು ಬಿಟ್ಟಿತು. ಅತ್ತೆಯವರು ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಅಳಿಯಂದಿರಂತೂ ಬರೀ ಅಳುತ್ತಿದ್ದರು. ಕೊನೆಗೆ ಅತ್ತೆಯವರು ಎದ್ದು, ಮಾವನವರ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಸ್ವಲ್ಪ ಹೊತ್ತು ನೀವು ಕೂತ್ಕೊಳ್ಳಿ, ಇನ್ನೂ ಮೊಗ್ಗು ಇದೆ, ನಾನು ಅಡುಗೆ ನೋಡುತ್ತೇನೆ ಎಂದು ಒಳಗೆ ಹೋದರು. ಬೀಗದಕೈಯನ್ನು ಕೇಳಲಿಲ್ಲ.

ಆ ವಾರ ಪೇಟೆಗೆ ಹೋದವನು ಹೂವಿನ ಅಂಗಡಿಯ ಮುಂದೆ ನಿಂತೆ. ಅಳಿಯಂದಿರು ಎಂದಿನಂತೆ ಬಟ್ಟೆಯೆಲೆಗಳ ಧೂಳು ಒರೆಸುತ್ತಿದ್ದರು. ಗಿರಾಕಿಯೊಬ್ಬಳು ದೊಡ್ಡದೊಂದು ಕೆಂಪು ಹೂವನ್ನು ಕೈಗೆತ್ತಿಕೊಂಡು, ಇದು ಬಾಡುವುದಿಲ್ಲ ತಾನೇ ಎಂದು ಕೇಳಿದಳು.

ಅಳಿಯಂದಿರು ಒರೆಸುವುದನ್ನು ನಿಲ್ಲಿಸಿ ಆ ಹೂವನ್ನು ನೋಡಿದರು.

"ಇಲ್ಲಮ್ಮ, ಬಾಡೋದಿಲ್ಲ," ಎಂದರು. "ಅದೊಂದು ಕೊರತೆ ಇದೆ ಇದರಲ್ಲಿ."